ಜಾಕಿನ ಕಾಲಿಗೆ ರಬ್ಬರಿನ ಮೆಟ್ಟು: ಕೊಳ್ಳುವುದು ಲಾಭವೇ?

ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿ, ಜ್ಞಾನಭಾರತಿಗೂ ಕೆಂಗೇರಿಗೂ ಅನತಿದೂರದಲ್ಲಿ, ಉಲ್ಲಾಳವೆಂಬ ಊರಿದೆ. ರಾಣಿ ಅಬ್ಬಕ್ಕನ ಹೆಸರಿನೊಡನೆ ನೆನಪಾಗುವ ಕಡಲತಡಿಯ ಉಲ್ಲಾಳವಲ್ಲ ಇದು. ಕೆರೆಯನ್ನು ಮಗ್ಗುಲಲ್ಲಿಟ್ಟುಕೊಂಡು ಬೆಳೆದ ಹಳ್ಳಿ, ಈಗ ನಗರದೊಡನೆ ಬೆರೆತುಹೋದ ಬಡಾವಣೆ. ಹೊಸ ಮನೆಗಳು ಏಳುತ್ತಿರುವ ಇಂಥ ಕಡೆಗಳಲ್ಲಿ ಕೊಳವೆಬಾವಿ ಕೊರೆಯುವ ಲಾರಿಯ ಸದ್ದು ಯಾರಿಗೂ ಹೊಸದಲ್ಲ.

ಮಳೆಗಾಲದ ಒಂದು ಬೆಳಗ್ಗೆ ಅಲ್ಲಿಯ ಖಾಲಿ ನಿವೇಶನವೊಂದರ ಬದಿಯಲ್ಲಿ ನಾವು ಅಂಥ ಲಾರಿಯೊಂದನ್ನು ನೋಡುತ್ತ ನಿಂತಿದ್ದೆವು. ಲಾರಿ ತನ್ನ ನಾಲ್ಕು ಜಾಕುಗಳನ್ನು ಕೆಳಗಿಳಿಸಿ, ಚಕ್ರಗಳನ್ನು ನೆಲದಿಂದೆತ್ತಿ, ಕಬ್ಬಿಣದ ಕಂಬವನ್ನು ನೆಟ್ಟಗೆ ನಿಲ್ಲಿಸಿ ಕೊರೆಯಲು ತೊಡಗಿತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹಿಂಬದಿಯ ಒಂದು ಜಾಕಿನ ಪಾದ ಕೆಸರಿನೊಳಕ್ಕೆ ಗೇಣುದ್ದ ಇಳಿದುಹೋಯಿತು. ಕಂಬ ವಾಲಿತು, ಯಂತ್ರವನ್ನು ನಿಲ್ಲಿಸಿದರು.

“ಲೋ ತಮ್ಮಾ, ಆ ದಿಮ್ಮಿ ತಗೊಂಡು ಬಾರೋ!” ಎಂದು ಹಿರಿಯ ಕೆಲಸಗಾರ ಕೂಗಿದ.

ನೋಡುತ್ತಿದ್ದ ಕಾಲೇಜು ಹುಡುಗನೊಬ್ಬ ಕೇಳಿದ: “ಜಾಕಿನ ಕೆಳಗೆ ಹಾಕೋಕೆ ರಬ್ಬರ್ ಪ್ಯಾಡು ಸಿಗುತ್ತಲ್ಲಣ್ಣಾ, ಅದನ್ನ ಯಾಕೆ ತಗೋಬಾರದು?”

“ಕೆಸರಲ್ಲಿ ರಬ್ಬರು ಏನು ಮಾಡುತ್ತಪ್ಪಾ? ಅದೂ ಜೊತೇಲೇ ಇಳಿಯುತ್ತೆ” ಎಂದು ಆತ ನಕ್ಕ.

ಹುಡುಗನ ಪ್ರಶ್ನೆ ಸಣ್ಣದಲ್ಲ. ಜಾಕಿನ ಕಾಲಿನ ಮೇಲೆ ನಿಲ್ಲುವ ವಾಹನಗಳು ಇಂದು ಹೆಚ್ಚುತ್ತಿವೆ. ಕೊಳವೆಬಾವಿಯ ಲಾರಿ, ಕಟ್ಟಡಗಳ ಬಳಿಯ ಕ್ರೇನು, ಕಾಂಕ್ರೀಟನ್ನು ಮೇಲಕ್ಕೆ ತಳ್ಳುವ ಪಂಪಿನ ಲಾರಿ, ಇತ್ತೀಚೆಗೆ ಪ್ರವಾಸಿಗರು ಅಡುಗೆಮನೆ ಹಾಸಿಗೆಗಳ ಸಮೇತ ಕೊಂಡೊಯ್ಯುವ ಕ್ಯಾರವಾನು, ಇವೆಲ್ಲವೂ ಆ ಬಳಗದವೇ. ಇವುಗಳ ಪಾದಕ್ಕೆಂದು ಮಾರುವ ರಬ್ಬರಿನ ಮೆಟ್ಟುಗಳಿಗೆ ಹಣ ತೆರುವುದು ಬುದ್ಧಿವಂತಿಕೆಯೇ? ಉತ್ತರವನ್ನು ಅಂಗಡಿಯಲ್ಲಿ ಕೇಳುವುದಕ್ಕಿಂತ ಭೌತವಿಜ್ಞಾನದಲ್ಲಿ ಹುಡುಕುವುದು ಲೇಸು.

ಭಾರ ಒಂದು, ಒತ್ತಡ ಇನ್ನೊಂದು

ಭಾರಕ್ಕೂ ಒತ್ತಡಕ್ಕೂ ಇರುವ ಭೇದವನ್ನು ವಾಚಕರು ಪ್ರೌಢಶಾಲೆಯಲ್ಲಿಯೇ ಓದಿರುತ್ತಾರೆ. ಭಾರವನ್ನು ಅದು ಊರಿರುವ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ದೊರೆಯುತ್ತದೆ. ನೆಲ ಸೋಲುವುದು ಭಾರಕ್ಕಲ್ಲ, ಒತ್ತಡಕ್ಕೆ. ಗದ್ದೆಯ ಕೆಸರಿನಲ್ಲಿ ಬರಿಗಾಲು ಹೂತುಹೋಗುತ್ತದೆ. ಅದೇ ಕೆಸರಿನ ಮೇಲೆ ಹಲಗೆ ಹಾಸಿ ನಿಂತವನು ಹೂಳುವುದಿಲ್ಲ.

ನಮ್ಮ ಲಾರಿಯ ಲೆಕ್ಕ ಹಾಕೋಣ. ಅದರ ತೂಕ 20 ಟನ್ ಎಂದೂ, ನಾಲ್ಕು ಜಾಕುಗಳು ಅದನ್ನು ಸಮವಾಗಿ ಹೊತ್ತಿವೆ ಎಂದೂ ಇಟ್ಟುಕೊಂಡರೆ ಒಂದೊಂದರ ಪಾಲಿಗೆ 5 ಟನ್, ಅಂದರೆ 5,000 ಕಿಲೋಗ್ರಾಂ ಬರುತ್ತದೆ. ಜಾಕಿನ ಪಾದ 30 ಸೆಂಟಿಮೀಟರ್ ವ್ಯಾಸದ ಕಬ್ಬಿಣದ ಬಿಲ್ಲೆಯಾದರೆ ಅದರ ವಿಸ್ತೀರ್ಣ ಸುಮಾರು 707 ಚದರ ಸೆಂಟಿಮೀಟರ್. ಆದುದರಿಂದ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಒತ್ತಡ ಸುಮಾರು 7 ಕಿಲೋಗ್ರಾಂ.

ನೆಲ ಎಷ್ಟನ್ನು ತಾಳೀತು? ಅಡಿಪಾಯ ಹಾಕುವ ಎಂಜಿನಿಯರರಿಗೆ ಇದನ್ನು ಅಂದಾಜು ಮಾಡುವ ಸರಳ ಕ್ರಮವೊಂದುಂಟು. ಅದರ ಉಪಕರಣ ಹೆಬ್ಬೆರಳು. ಒಣಗಿ ಗಟ್ಟಿಯಾದ ಜೇಡಿಮಣ್ಣು ಚದರ ಸೆಂಟಿಮೀಟರಿಗೆ ಸುಮಾರು 4.5 ಕಿಲೋಗ್ರಾಂ ಒತ್ತಡವನ್ನು ನಿರಪಾಯವಾಗಿ ಹೊರುತ್ತದೆ. ಹೆಬ್ಬೆರಳಿನ ಉಗುರು ಸುಲಭವಾಗಿ ನಾಟುವ ಮಣ್ಣು ಸುಮಾರು 2.5ನ್ನೂ, ಬೆರಳನ್ನು ಸಾಧಾರಣ ಬಲದಿಂದ ಒತ್ತಿದರೆ ಗುಳಿಬೀಳುವ ಮೆತುಮಣ್ಣು ಸುಮಾರು 1ನ್ನೂ ಹೊರಬಲ್ಲವು. ಬೆರಳು ಕೆಲವು ಸೆಂಟಿಮೀಟರಿನಷ್ಟು ಒಳಹೋಗುವ ಕೆಸರಾದರೆ ಅರ್ಧ ಕಿಲೋಗ್ರಾಮಿಗಿಂತ ಹೆಚ್ಚನ್ನು ನಂಬುವಂತಿಲ್ಲ. ಈ ಅಂಕಿಗಳಲ್ಲಿ ಸುರಕ್ಷತೆಗೆಂದು ಬಿಟ್ಟ ಅಂತರವೂ ಸೇರಿರುವುದರಿಂದ ಒಣನೆಲದ ಮೇಲೆ ನಮ್ಮ ಲಾರಿ ಹೇಗೋ ನಿಂತೀತು. ಮಳೆ ನೆನೆದ ನೆಲದ ಮೇಲೆ ನಿಲ್ಲುವ ಮಾತೇ ಇಲ್ಲ.

ಬೇಸಗೆಯಲ್ಲಿ ಹಾರೆಗೂ ಬಗ್ಗದ ಕೆಮ್ಮಣ್ಣು ಶ್ರಾವಣದಲ್ಲಿ ಬೆಣ್ಣೆಯಾಗುವುದೇಕೆ? ಅರೆ ಒಣಗಿದ ಮಣ್ಣಿನ ಕಣಗಳ ನಡುವೆ ನೀರಿನ ತೆಳುಪೊರೆಗಳಿದ್ದು, ಅವು ಕಣಗಳನ್ನು ಒಂದಕ್ಕೊಂದು ಬಿಗಿಯಾಗಿ ಸೆಳೆದಿಡುತ್ತವೆ. ಮಳೆ ಬಿದ್ದು ಸಂದುಗಳೆಲ್ಲ ನೀರಿನಿಂದ ತುಂಬಿದೊಡನೆ ಈ ಸೆಳೆತ ಮಾಯವಾಗುತ್ತದೆ. ಹೊರೆಯ ಒಂದಂಶವನ್ನು ಸಂದಿನ ನೀರೇ ಹೊತ್ತು ಕಣಗಳನ್ನು ದೂರ ತಳ್ಳತೊಡಗುತ್ತದೆ. ಮಣ್ಣಿನ ಬಲವನ್ನು ನಿರ್ಧರಿಸುವುದು ಒಟ್ಟು ಒತ್ತಡವಲ್ಲ, ಕಣಕಣಗಳ ನಡುವಣ ಒತ್ತಡ ಎಂಬ ಈ ತತ್ತ್ವದ ಮೇಲೆ ಮಣ್ಣಿನ ವಿಜ್ಞಾನವನ್ನು ಕಟ್ಟಿದವನು ಕಾರ್ಲ್ ಟೆರ್ಝಾಗಿ. ಅವನ ಹೆಸರಾಂತ ಗ್ರಂಥ 1925ರಲ್ಲಿ ಪ್ರಕಟವಾಯಿತು.

ಮರದ ದಿಮ್ಮಿಯ ಗುಟ್ಟು

ಜಾಕಿನ ಕೆಳಗೆ 60 ಸೆಂಟಿಮೀಟರ್ ಚೌಕದ ದಪ್ಪ ಮರದ ಹಾಸನ್ನಿಟ್ಟರೆ ಭಾರ 3,600 ಚದರ ಸೆಂಟಿಮೀಟರುಗಳಿಗೆ ಹಂಚಿಹೋಗಿ ಒತ್ತಡ 1.4 ಕಿಲೋಗ್ರಾಮಿಗೆ ಇಳಿಯುತ್ತದೆ. 75 ಸೆಂಟಿಮೀಟರ್ ಚೌಕವಾದರೆ 0.9 ಆಗುತ್ತದೆ. ಹಿರಿಯ ಕೆಲಸಗಾರ ದಿಮ್ಮಿ ತರಿಸಿದ್ದು ಈ ಲೆಕ್ಕಕ್ಕೆ ಒಪ್ಪುವ ಕೆಲಸವೇ ಸರಿ.

ಹಾಗಾದರೆ ಅಷ್ಟೇ ಅಗಲದ ರಬ್ಬರನ್ನು ಹಾಸಿದರೆ ಅದೇ ಫಲ ಬರಬೇಡವೇ? ಬಾರದು. ಭಾರ ಹಂಚುವ ವಸ್ತು ತಾನು ಬಾಗಬಾರದು. ಒಂದು ವಸ್ತು ಹಿಗ್ಗಲು ಕುಗ್ಗಲು ಒಡ್ಡುವ ಪ್ರತಿರೋಧವನ್ನು ಅದರ ಸ್ಥಿತಿಸ್ಥಾಪಕತ್ವದ ಗುಣಾಂಕದಿಂದ ಅಳೆಯುತ್ತಾರೆ. ಚದರ ಸೆಂಟಿಮೀಟರಿಗೆ ಕಿಲೋಗ್ರಾಮಿನಲ್ಲಿ ಹೇಳುವುದಾದರೆ ಉಕ್ಕಿನ ಗುಣಾಂಕ ಸುಮಾರು 20 ಲಕ್ಷ, ಎಳೆಯ ನೇರಕ್ಕೆ ಮರದ್ದು ಸುಮಾರು 1 ಲಕ್ಷ. ರಬ್ಬರಿನದು ಕೆಲವು ಹತ್ತುಗಳು ಮಾತ್ರ. ಬಾಗುವಿಕೆಯನ್ನು ತಡೆಯುವುದರಲ್ಲಿ ಮರವು ರಬ್ಬರಿಗಿಂತ ಸಾವಿರಾರು ಪಾಲು ಮೇಲು ಎಂದಾಯಿತು.

ರಬ್ಬರಿನ ಹಾಸಿನ ನಡುವೆ ಜಾಕಿನ ಪಾದ ಒತ್ತಿದಾಗ ಅದರ ನಡುಭಾಗ ಕುಸಿದು ಅಂಚುಗಳು ಮೇಲಕ್ಕೇಳುತ್ತವೆ. ಅಂಚು ಅಲ್ಲಿದ್ದರೂ ಹೊರುವ ಕೆಲಸಕ್ಕೆ ಬರುವುದಿಲ್ಲ. ಉದಾರವಾಗಿ ಲೆಕ್ಕ ಹಾಕಿದರೂ, ಎರಡೂವರೆ ಸೆಂಟಿಮೀಟರ್ ದಪ್ಪದ ರಬ್ಬರು ಭಾರವನ್ನು ಪಾದದ ಸುತ್ತ ತನ್ನ ದಪ್ಪದಷ್ಟು ದೂರಕ್ಕೆ ಮಾತ್ರ ಹರಡೀತು. 30 ಸೆಂಟಿಮೀಟರಿನ ಪಾದ 35 ಸೆಂಟಿಮೀಟರಿನದಾದಂತಾಗಿ ಒತ್ತಡ 7ರಿಂದ ಸುಮಾರು 5ಕ್ಕೆ ಇಳಿಯುತ್ತದೆ. ಮೆತುಮಣ್ಣಿಗೆ ಬೇಕಾದುದು 1. ಐದರಿಂದ ಏನು ಪ್ರಯೋಜನ? ಪಾದದಷ್ಟೇ ಅಗಲವಾಗಿ, ಪಾದಕ್ಕೆ ಸಿಕ್ಕಿಸುವಂತೆ ಮಾಡಿದ ಮೆಟ್ಟಿನಿಂದ ಇಷ್ಟೂ ಆಗದು. ಕೆಲಸಗಾರನ ನಗೆ ವಿಜ್ಞಾನಸಮ್ಮತವಾಗಿಯೇ ಇತ್ತು.

ಜಾಕು ಕುಸಿದರೆ ಆಗುವ ಅನರ್ಥವೇನು ಎಂಬುದನ್ನೂ ಯೋಚಿಸಬೇಕು. ಎರಡು ಬದಿಯ ಜಾಕುಗಳ ನಡುವೆ ಎರಡೂವರೆ ಮೀಟರ್ ಅಂತರವಿದ್ದು ಒಂದು ಬದಿ ಎರಡೂವರೆ ಸೆಂಟಿಮೀಟರ್ ಇಳಿದರೆ ವಾಲು ನೂರಕ್ಕೆ ಒಂದು. ಆ ಓರೆಯಲ್ಲಿಯೇ ನೇರವಾಗಿ ಕೊರೆಯುತ್ತ ಹೋದರೆ 300 ಮೀಟರ್ ಆಳದಲ್ಲಿ ಬಾವಿಯ ತಳ 3 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ! ಕೊರೆಯುತ್ತಿರುವಾಗಲೇ ಕಾಲು ಕುಸಿದರಂತೂ ತೂತು ಒಂದು ದಿಕ್ಕಿನಲ್ಲಿಯೂ ಕೊಳವೆ ಇನ್ನೊಂದು ದಿಕ್ಕಿನಲ್ಲಿಯೂ ನಿಂತು ಒಂದನ್ನೊಂದು ಉಜ್ಜತೊಡಗುತ್ತವೆ. ಸಿಕ್ಕಿಕೊಂಡ ಕೊಳವೆಯನ್ನು ಯಂತ್ರ ಮೇಲಕ್ಕೆಳೆದಾಗ, ನ್ಯೂಟನ್ನನ ಮೂರನೆಯ ನಿಯಮದಂತೆ, ಅಷ್ಟೇ ಬಲ ಜಾಕುಗಳನ್ನು ಕೆಳಕ್ಕೆ ಒತ್ತುತ್ತದೆ; ಮೊದಲೇ ಸೋತ ನೆಲ ಇನ್ನಷ್ಟು ಸೋಲುತ್ತದೆ. ಸಾಲ ಮಾಡಿ ಬಾವಿ ತೋಡಿಸುವ ಸಂಸಾರಕ್ಕೆ ಇದು ದೊಡ್ಡ ಪೆಟ್ಟು.

ಕ್ರೇನಿನ ವಿಷಯ ಇದಕ್ಕೂ ಗಂಭೀರ. ಅದರ ತೋಳು ಒಂದು ಮೂಲೆಯತ್ತ ತಿರುಗಿದಾಗ ಯಂತ್ರ ಹಾಗೂ ಹೊರೆಯ ಒಟ್ಟು ಭಾರದಲ್ಲಿ ಮುಕ್ಕಾಲು ಪಾಲಿನವರೆಗೂ ಆ ಮೂಲೆಯ ಒಂದೇ ಕಾಲಿನ ಮೇಲೆ ಬೀಳಬಹುದೆಂದು ಲೆಕ್ಕ ಹಿಡಿಯುವುದುಂಟು. ಆ ಕಾಲಿನಡಿಯ ಮಣ್ಣು ಜಗ್ಗಿತೆಂದರೆ ಕ್ರೇನು ಉರುಳುತ್ತದೆ, ಕೆಳಗಿದ್ದವರ ಪ್ರಾಣಕ್ಕೆ ಎರವಾಗುತ್ತದೆ.

ರಬ್ಬರಿನ ನಿಜವಾದ ಗುಣ

ಇಷ್ಟರಿಂದ ರಬ್ಬರು ನಿಷ್ಪ್ರಯೋಜಕವೆಂದು ತೀರ್ಮಾನಿಸಿದರೆ ಅನ್ಯಾಯವಾದೀತು. ಹಸಿ ರಬ್ಬರು ಬಿಸಿಲಿಗೆ ಅಂಟಾಗಿ ಚಳಿಗೆ ಪೆಡಸಾಗುವ ವಸ್ತು. ಅದನ್ನು ಗಂಧಕದೊಡನೆ ಕಾಯಿಸಿದರೆ ಈ ದೋಷ ನೀಗುವುದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ಗಂಧಕದ ಪರಮಾಣುಗಳು ರಬ್ಬರಿನ ಉದ್ದನೆಯ ಅಣುಸರಪಣಿಗಳ ನಡುವೆ ಕೊಂಡಿಗಳಂತೆ ಕೂಡಿಕೊಳ್ಳುತ್ತವೆ. ಎಳೆದರೆ ಹಿಗ್ಗುವ, ಬಿಟ್ಟರೆ ಮೊದಲಿನಂತಾಗುವ ಗುಣ ಸ್ಥಿರವಾಗುತ್ತದೆ.

ಈ ಮೃದುತ್ವ ಗಟ್ಟಿನೆಲದ ಮೇಲೆ ಉಪಕಾರಿ. ಸಿಮೆಂಟಿನ ಅಂಗಳ ನಮ್ಮ ಕಣ್ಣಿಗೆ ಸಮತಟ್ಟಾಗಿ ಕಂಡರೂ ಅದರಲ್ಲಿ ಉಬ್ಬುತಗ್ಗುಗಳಿವೆ. ಕಬ್ಬಿಣದ ಪಾದ ಮೂರು ನಾಲ್ಕು ಉಬ್ಬುಗಳ ಮೇಲಷ್ಟೇ ಕುಳಿತು ಅಲ್ಲಿ ನೆಲವನ್ನು ಸೀಳಬಹುದು. ರಬ್ಬರಾದರೋ ತಗ್ಗುಗಳೊಳಕ್ಕೂ ಇಳಿದು ಇಡೀ ಪಾದಕ್ಕೆ ಆಸರೆ ಕೊಡುತ್ತದೆ. ಒಣ ಕಾಂಕ್ರೀಟಿನ ಮೇಲೆ ರಬ್ಬರಿನ ಘರ್ಷಣೆ ಕಬ್ಬಿಣದ್ದಕ್ಕಿಂತ ಬಹಳ ಹೆಚ್ಚು. ಆದುದರಿಂದ ಪಾದ ಜಾರುವುದಿಲ್ಲ. ನೆಲಕ್ಕೆ ಗೀರು ಬೀಳದು, ಕಿರುಗುಟ್ಟುವ ಸದ್ದು ಅಡಗುತ್ತದೆ. ಎಣ್ಣೆ ಚೆಲ್ಲಿದ ಅಥವಾ ನೀರು ನಿಂತ ನಯವಾದ ನೆಲದ ಮೇಲೆ ಮಾತ್ರ ಈ ಹಿಡಿತವನ್ನು ನಂಬಬಾರದು.

ರಬ್ಬರೂ ಗಟ್ಟಿವಸ್ತುವೂ ಕೂಡಿ ದುಡಿಯುವ ಬಗೆಯನ್ನು ನೋಡಬೇಕಾದರೆ ಉಲ್ಲಾಳದಿಂದ ದೂರ ಹೋಗಬೇಕಾಗಿಲ್ಲ. ಕೆಂಗೇರಿಯ ಮೂಲಕ ಮೈಸೂರಿಗೆ ರೈಲುಮಾರ್ಗ ಹಾದುಹೋಗುತ್ತದೆ. ನಮ್ಮ ರೈಲುಮಾರ್ಗಗಳಲ್ಲಿ ಕಾಂಕ್ರೀಟಿನ ಸ್ಲೀಪರುಗಳಿಗೂ ಹಳಿಗೂ ನಡುವೆ ತೆಳ್ಳನೆಯ ರಬ್ಬರು ಹಾಳೆಯಿರುತ್ತದೆ. ಭಾರವನ್ನು ಜಲ್ಲಿಗೆ ಹಂಚುವುದು ಸ್ಲೀಪರಿನ ಹೊಣೆ. ಹಳಿಯ ಅದಿರಾಟವನ್ನು ನುಂಗಿ ಕಾಂಕ್ರೀಟನ್ನು ಕಾಯುವುದು ರಬ್ಬರಿನ ಹೊಣೆ. ಆ ಹಾಳೆಯಲ್ಲಿ ಗೀರುಗಾಲುವೆಗಳಿರುವುದಕ್ಕೂ ಕಾರಣವುಂಟು. ರಬ್ಬರಿನ ಆಕಾರ ಬದಲಾದೀತೇ ಹೊರತು ಗಾತ್ರ ಹೆಚ್ಚುಕಡಮೆ ಕುಗ್ಗುವುದೇ ಇಲ್ಲ. ಮೇಲಿನಿಂದ ಒತ್ತಿದರೆ ಅದು ಪಕ್ಕಕ್ಕೆ ಉಬ್ಬಲೇಬೇಕು. ಉಬ್ಬಲು ಆ ಕಾಲುವೆಗಳು ಎಡೆಗೊಡುತ್ತವೆ.

ರಬ್ಬರು ಬೇಗ ಹಾಳಾಗುವುದೆಂಬ ಅಂಜಿಕೆಯೂ ಪೂರ್ತಿ ಸರಿಯಲ್ಲ. ಆಸ್ಟ್ರೇಲಿಯದ ಮೆಲ್ಬರ್ನಿನ ರೈಲುಸೇತುವೆಯೊಂದರ ಕಂಬಗಳ ಮೇಲೆ 1889ರಲ್ಲಿಟ್ಟ ಅರ್ಧ ಅಂಗುಲದಷ್ಟು ದಪ್ಪನೆಯ ರಬ್ಬರು ತುಂಡುಗಳನ್ನು ಬಹುಕಾಲದ ಮೇಲೆ ಪರೀಕ್ಷಿಸಿದಾಗ, ಹೊರಗಿನ ತೆಳುಪದರವಷ್ಟೇ ಕೆಟ್ಟಿದ್ದು ಒಳಗಿನ ರಬ್ಬರು ಚೆನ್ನಾಗಿಯೇ ಉಳಿದಿತ್ತು. ಗಾಳಿಯ ಆಮ್ಲಜನಕ ಮತ್ತು ಓಝೋನುಗಳು ಹೊರಮೈಯನ್ನು ಕಾಡುತ್ತವೆ; ದಪ್ಪ ತುಂಡಿನ ಒಡಲಿಗೆ ಅವು ಸುಲಭವಾಗಿ ಮುಟ್ಟವು.

ನೀವೇ ಪರೀಕ್ಷಿಸಿ ನೋಡಿ

ಒಂದು ಬಾಣಲಿಯ ತುಂಬ ಜರಡಿ ಹಿಡಿದ ಮಣ್ಣನ್ನು ನೀರು ಹಾಕಿ ಮೆತ್ತಗೆ ಕಲಸಿ, ಮೇಲ್ಮೈಯನ್ನು ಸಮಮಾಡಿರಿ. ಸೀಸೆಯ ಮುಚ್ಚಳವೊಂದನ್ನು ಅದರ ಮೇಲಿಟ್ಟು, ಮುಚ್ಚಳದ ಮೇಲೆ ಎರಡು ಕಿಲೋಗ್ರಾಮಿನ ತೂಕವನ್ನು ಜೋಪಾನವಾಗಿ ನಿಲ್ಲಿಸಿ, ಒಂದು ನಿಮಿಷದಲ್ಲಿ ಎಷ್ಟು ಇಳಿಯಿತೆಂದು ಅಳೆಯಿರಿ. ಎರಡನೆಯ ಸಲ ಮುಚ್ಚಳದ ಕೆಳಗೆ ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ತುಂಡನ್ನೂ, ಮೂರನೆಯ ಸಲ ಅಷ್ಟೇ ಅಳತೆಯ ಮರದ ಹಲಗೆಯನ್ನೂ ಇಡಿರಿ. ಪ್ರತಿ ಸಲವೂ ಮಣ್ಣನ್ನು ಹೊಸದಾಗಿ ಸಮಮಾಡಬೇಕು. ಟ್ಯೂಬಿನ ತುಂಡು ಮುಚ್ಚಳವನ್ನು ಅಪ್ಪಿಕೊಂಡು ಜೊತೆಗೇ ಇಳಿಯುವುದನ್ನೂ, ಹಲಗೆ ಮೇಲೆಯೇ ನಿಲ್ಲುವುದನ್ನೂ ಕಾಣುವಿರಿ. ಅದೇ ರಬ್ಬರು ತುಂಡನ್ನು ನಯವಾದ ಕಡಪಾ ಕಲ್ಲಿನ ಮೇಲಿಟ್ಟು ಅದರ ಮೇಲೆ ತೂಕವನ್ನಿರಿಸಿ ಪಕ್ಕಕ್ಕೆ ತಳ್ಳಿ ನೋಡಿದರೆ ರಬ್ಬರು ಯಾವ ಕೆಲಸಕ್ಕೆ ಹುಟ್ಟಿದ್ದೆಂಬುದೂ ತಿಳಿಯುತ್ತದೆ.

ಹಾಗಾದರೆ ಕೊಳ್ಳಬೇಕೆ?

ಕ್ಯಾರವಾನು ಹಗುರವಾದ ವಾಹನ. ನಾಲ್ಕು ಟನ್ನಿನ ಬಂಡಿಯ ಒಂದೊಂದು ಕಾಲಿಗೆ ಒಂದು ಟನ್ ಬಂದರೆ, 20 ಸೆಂಟಿಮೀಟರ್ ಚೌಕದ ಪಾದದಡಿಯ ಒತ್ತಡ ಎರಡೂವರೆ ಕಿಲೋಗ್ರಾಂ. ಅದನ್ನು ಹೆಚ್ಚಾಗಿ ಕಾಂಕ್ರೀಟು ಇಲ್ಲವೆ ಕಲ್ಲುಹಾಸಿನ ಮೇಲೆ ನಿಲ್ಲಿಸುವವರು ರಬ್ಬರಿನ ಮೆಟ್ಟನ್ನು ಧಾರಾಳವಾಗಿ ಕೊಳ್ಳಬಹುದು. ಪ್ರತಿ ತಂಗುದಾಣದಲ್ಲಿಯೂ ಬಗ್ಗಿ ಹಲಗೆಯಿಡುವ ಶ್ರಮವೂ ಉಳಿಯುತ್ತದೆ. ಬೇಸಗೆಯ ಬಿಸಿಲಿಗೆ ಮೆತ್ತಗಾದ ಡಾಂಬರಿನ ಮೇಲೆ ಅಂಚಿನ ಗಾಯ ತಪ್ಪೀತು, ಆದರೆ ಒತ್ತಡ ತಗ್ಗದಿರುವುದರಿಂದ ಅಲ್ಲಿ ಹಲಗೆಯೂ ಬೇಕು. ಕೆರೆಯ ದಂಡೆ, ತೋಟ, ಹುಲ್ಲುಗಾವಲುಗಳಲ್ಲಿ ಬಿಡಾರ ಹೂಡುವವರು ಮೊದಲು ಹಲಗೆಗೆ ಹಣ ತೆರಲಿ.

ಕೊಳವೆಬಾವಿಯ ಲಾರಿಗೂ ಕ್ರೇನಿಗೂ ರಬ್ಬರು ಎಂದಿಗೂ ಹಲಗೆಗೆ ಬದಲಿಯಲ್ಲ. ಅವುಗಳಿಗೆ ದಪ್ಪ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಹೊಂದಿಸಿದ ಹಾಸು ಬೇಕು. ಉಕ್ಕಿನ ತಗಡೋ ಗಟ್ಟಿ ಪಾಲಿಎಥಿಲೀನಿನ ಹಲಗೆಯೋ ಆದೀತು. ಹಲಗೆ ತೆಳುವಾದರೆ ಅದೂ ರಬ್ಬರಿನಂತೆ ಬಾಗುತ್ತದೆ, ಇಲ್ಲವೆ ಸೀಳುತ್ತದೆ. ಹಲಗೆಗೂ ಕಬ್ಬಿಣದ ಪಾದಕ್ಕೂ ನಡುವೆ ರಬ್ಬರಿನ ತುಂಡೊಂದಿದ್ದರೆ ಜಾರುವ ಭಯ ತಪ್ಪುತ್ತದೆ. ಅದಕ್ಕೆ ಗುಜರಿಯಲ್ಲಿ ದೊರೆಯುವ ಹಳೆಯ ಕನ್ವೇಯರ್ ಬೆಲ್ಟಿನ ತುಂಡೂ ಸಾಕು.

ಅಂದು ಉಲ್ಲಾಳದಲ್ಲಿ ನಾಲ್ಕು ದಿಮ್ಮಿಗಳು ಬಂದು, ಜಾಕು ಮತ್ತೆ ಮೇಲೆದ್ದು, ಕಂಬ ನೆಟ್ಟಗಾಗುವ ಹೊತ್ತಿಗೆ ಬಿಸಿಲು ಏರಿತ್ತು. ಪ್ರಶ್ನೆ ಕೇಳಿದ್ದ ಹುಡುಗ ಲಾರಿಯ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಹೆಬ್ಬೆರಳಿನಿಂದ ಮಣ್ಣನ್ನು ಒತ್ತಿ ನೋಡುತ್ತಿದ್ದ. ಬೆರಳು ಮೊದಲ ಗಿಣ್ಣಿನವರೆಗೂ ಇಳಿಯಿತು. “ಅಣ್ಣಾ, ಇನ್ನೆರಡು ದಿಮ್ಮಿ ಹಾಕಿಸಿ” ಎಂದ. ಹಿರಿಯ ಕೆಲಸಗಾರ ಈ ಸಲ ನಗಲಿಲ್ಲ, ದಿಮ್ಮಿಗಳನ್ನು ತರಿಸಿದ.