ಹಾಲಿನ ಟ್ಯಾಂಕು ತಾನೇ ಕೂಗಿ ಕರೆಯಲಿ

ಸಂಜೆ ಡೇರಿಗೆ ಹಾಕಿದ ಹಾಲು ಬೆಳಗಿನ ಲಾರಿ ಬರುವವರೆಗೆ ಕೆಡದಿರಬೇಕಾದರೆ ಅದು 4 ಡಿಗ್ರಿ ಸೆಂಟಿಗ್ರೇಡಿನಷ್ಟು ತಣ್ಣಗಿರತಕ್ಕದ್ದು. ಕೆಚ್ಚಲಿನಿಂದ ಇಳಿಯುವಾಗ ಹಾಲಿನ ಶಾಖ ಸುಮಾರು 38 ಡಿಗ್ರಿ. ತಂಪು ಮಾಡದ ಹಾಲಿನಲ್ಲಿ ಸೂಕ್ಷ್ಮಜೀವಿಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು. ಹಾಗಾದರೆ ಒಂದು ಇದ್ದದ್ದು ಆರು ಗಂಟೆಯಲ್ಲಿ ನಾಲ್ಕು ಸಾವಿರ ದಾಟಿತು. ಮನೆಯ ಮಕ್ಕಳಿಂದ ಲೆಕ್ಕ ಮಾಡಿಸಿ ನೋಡಿರಿ.

ಎರಡು ಹಸು ಕಟ್ಟಿದವರ ಹಾಲೂ ಹತ್ತು ಹಸು ಕಟ್ಟಿದವರ ಹಾಲೂ ಬೀಳುವುದು ಒಂದೇ ಟ್ಯಾಂಕಿಗೆ. ರಾತ್ರಿ ಕಂಪ್ರೆಸರ್ ನಿಂತದ್ದು ಬೆಳಿಗ್ಗೆ ತಿಳಿದರೆ ಅಷ್ಟೂ ಮನೆಗಳ ಹಾಲು ಚರಂಡಿಯ ಪಾಲು. ಆದುದರಿಂದ ಶಾಖ ಏರಿದೊಡನೆ ಫೋನಿಗೆ ಸುದ್ದಿ ಕಳಿಸುವ ಪೆಟ್ಟಿಗೆಗಳನ್ನು ಈಗ ಟ್ಯಾಂಕಿಗೆ ಜೋಡಿಸುತ್ತಿದ್ದಾರೆ. ಇದು ದೊಡ್ಡ ಕಂಪೆನಿಗಳು ಗಣಕಯಂತ್ರಗಳನ್ನಿಟ್ಟ ಕಟ್ಟಡಗಳಲ್ಲಿ ಬಹುಕಾಲದಿಂದ ನಡೆಸಿಕೊಂಡು ಬಂದ ಪದ್ಧತಿಯೇ. ಅಲ್ಲಿಯೂ ತಂಪು ತಪ್ಪಿದರೆ ಕೆಲಸ ಕೆಟ್ಟಿತು. 2022ರ ಜುಲೈ 19ರಂದು ಇಂಗ್ಲೆಂಡಿನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಲಂಡನ್ನಿನಲ್ಲಿ ಗೂಗಲ್, ಒರಾಕಲ್ ಕಂಪೆನಿಗಳ ತಂಪುಯಂತ್ರಗಳು ಕೈಕೊಟ್ಟು, ಹಲವು ಗಣಕಯಂತ್ರಗಳನ್ನು ನಿಲ್ಲಿಸಬೇಕಾಯಿತು.

ಪೆಟ್ಟಿಗೆ ತಂದು ಗೋಡೆಗೆ ಹೊಡೆದ ಮಾತ್ರಕ್ಕೆ ಕೆಲಸವಾಗದು. ಯಾವಾಗ ಕೂಗಬೇಕೆಂದು ಅದಕ್ಕೆ ನಾವೇ ಕಲಿಸಬೇಕು. ಟ್ಯಾಂಕಿನಲ್ಲಿ 4 ಡಿಗ್ರಿಯ ಹಾಲು 600 ಲೀಟರು ಇದೆ ಎನ್ನೋಣ. ಅದಕ್ಕೆ 34 ಡಿಗ್ರಿಯ ಹೊಸ ಹಾಲು 300 ಲೀಟರು ಸುರಿದರೆ ಒಟ್ಟು ಶಾಖ 14 ಡಿಗ್ರಿಗೆ ಏರುವುದು. ಇದು ಯಂತ್ರದ ದೋಷವಲ್ಲ. ಆದರೆ 7 ಡಿಗ್ರಿ ದಾಟಿದೊಡನೆ ಕೂಗೆಂದು ಇಟ್ಟಿದ್ದರೆ ಪೆಟ್ಟಿಗೆ ದಿನಕ್ಕೆರಡು ಸಲ ಸುಮ್ಮನೆ ಕೂಗುತ್ತದೆ. ವಾರ ಕಳೆಯುವುದರೊಳಗೆ ಸೆಕ್ರೆಟರಿಯವರು ಫೋನು ನೋಡುವುದನ್ನೇ ಬಿಡುತ್ತಾರೆ, ಅವರನ್ನು ದೂರುವಂತಿಲ್ಲ. ಆದ್ದರಿಂದ ಹಾಲು ಅಳೆಯುವ ಹೊತ್ತಿಗೆ ಒಂದು ಕಟ್ಟಳೆ, ಉಳಿದ ಹೊತ್ತಿಗೆ ಇನ್ನೊಂದು ಇರಲಿ. ಅಳತೆ ಮುಗಿದು ಮೂರು ಗಂಟೆಯಾದರೂ 4ಕ್ಕೆ ಇಳಿಯದಿದ್ದರೆ ಕೂಗಲಿ. ಇಳಿದ ಮೇಲೆ ಮತ್ತೆ 7ಕ್ಕೆ ಏರಿ ಹದಿನೈದು ನಿಮಿಷ ಅಲ್ಲೇ ನಿಂತರೆ ಕೂಗಲಿ. 'ಸರಿಹೋಯಿತು' ಎಂಬ ಸಂದೇಶ 5ಕ್ಕೆ ಇಳಿದಾಗಲೇ ಬರಲಿ. ಇಲ್ಲವಾದರೆ 7ರ ಆಚೆ ಈಚೆ ತೂಗಾಡುತ್ತ ರಾತ್ರಿಯೆಲ್ಲ ಸಂದೇಶಗಳ ಸುರಿಮಳೆ.

ಶಾಖ ಅಳೆಯುವ ಕಡ್ಡಿ ಹಾಲಿನ ಶಾಖವನ್ನೇ ತೋರಿಸಬೇಕು, ಕೋಣೆಯ ಗಾಳಿಯದನ್ನಲ್ಲ. ಹಾಲು ಕಲಕುವ ಮೋಟಾರು ನಿಂತರೂ ಬೇರೆ ಸುದ್ದಿ ಬರುವಂತಿರಲಿ. ಅದು ನಿಂತರೆ ತಳದ ಹಾಲು ಹೆಪ್ಪುಗಟ್ಟುತ್ತದೆ, ಮೇಲಿನದು ಬೆಚ್ಚಗೇ ಉಳಿಯುತ್ತದೆ. ಕಡ್ಡಿ ತಳದಲ್ಲಿದ್ದರೆ ಎಲ್ಲ ಕ್ಷೇಮವೆಂದೇ ಹೇಳೀತು.

ಎಲ್ಲಕ್ಕಿಂತ ಮುಖ್ಯವಾದದ್ದು ಕರೆಂಟು. ಸುದ್ದಿ ಕಳಿಸುವ ಪೆಟ್ಟಿಗೆಯೂ ಅದೇ ತಂತಿಯಿಂದ ನಡೆಯುತ್ತಿದ್ದರೆ ಕರೆಂಟು ಹೋದಾಗ ಅದೂ ಮೂಕವಾಗುವುದು. ಅದಕ್ಕೆ ಸ್ವಂತ ಬ್ಯಾಟರಿ, ಸ್ವಂತ ಸಿಮ್ ಕಾರ್ಡು ಬೇಕೇ ಬೇಕು. ಇದಲ್ಲದೆ ಒಕ್ಕೂಟದ ಕಚೇರಿಯ ಗಣಕಯಂತ್ರ ಹತ್ತು ನಿಮಿಷಕ್ಕೊಮ್ಮೆ ಪೆಟ್ಟಿಗೆಯ ಯೋಗಕ್ಷೇಮ ವಿಚಾರಿಸಬೇಕು. ಉತ್ತರ ಬಾರದಿದ್ದರೆ ಅದನ್ನೇ ಅಪಾಯದ ಸುದ್ದಿಯೆಂದು ತಿಳಿಯತಕ್ಕದ್ದು.

ಸಂದೇಶ ಮೊದಲು ಟ್ಯಾಂಕು ನೋಡಿಕೊಳ್ಳುವವರಿಗೆ ಹೋಗಲಿ. ಹತ್ತು ನಿಮಿಷದಲ್ಲಿ ಅವರು ಒಪ್ಪಿಗೆ ಕೊಡದಿದ್ದರೆ ಸೆಕ್ರೆಟರಿಯವರಿಗೆ, ಅವರೂ ಎತ್ತದಿದ್ದರೆ ಜನರೇಟರ್ ಬಲ್ಲ ಪಕ್ಕದ ಮನೆಯವರಿಗೆ. ಬರಹ ಕನ್ನಡದಲ್ಲಿರಲಿ. ಕನ್ನಡ ಅಕ್ಷರದ ಒಂದು ಎಸ್ಸೆಮ್ಮೆಸ್ಸಿನಲ್ಲಿ ಗುಣಿತದ ಚಿಹ್ನೆಗಳೂ ಸೇರಿ 70 ಗುರುತುಗಳಷ್ಟೇ ಹಿಡಿಯುವುದರಿಂದ "ಹಾಲು 9 ಡಿಗ್ರಿ, ಕಂಪ್ರೆಸರ್ ನಿಂತಿದೆ" ಎಂದರೆ ಸಾಕು. ಬರಿಯ ಸಂಕೇತದ ಅಂಕಿ ಬಂದರೆ ನಡುರಾತ್ರಿಯಲ್ಲಿ ಯಾರು ಪುಸ್ತಕ ತೆಗೆದು ಅರ್ಥ ಹುಡುಕುವರು?

ತಿಂಗಳಿಗೊಮ್ಮೆ, ಲಾರಿ ಹೋಗಿ ಟ್ಯಾಂಕು ತೊಳೆದ ಮೇಲೆ, ಕಡ್ಡಿಯನ್ನು ಹೊರತೆಗೆಯಲು ಬರುವಂತಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಯಾರ ಯಾರ ಫೋನು ಎಷ್ಟು ಹೊತ್ತಿಗೆ ಬಡಿಯಿತೆಂದು ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಡಿರಿ. ಸಿಬ್ಬಂದಿ ಬದಲಾದ ದಿನವೇ ನಂಬರೂ ಬದಲಾಗಲಿ.