ವಿಧೇಯಕ, ವಿಪ್ ಮತ್ತು ಮತದಾರ

ಚಳಿಗಾಲದ ಅಧಿವೇಶನ ಬಂತೆಂದರೆ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಸಚಿವರು, ಶಾಸಕರು ಬಂದಿಳಿಯುತ್ತಾರೆ. ಮನವಿಪತ್ರ ಹಿಡಿದ ನಿಯೋಗಗಳು ಸುವರ್ಣ ವಿಧಾನಸೌಧದತ್ತ ಸಾಗುತ್ತವೆ. ಶಾಸಕರು ಮನವಿಯನ್ನು ಸೌಜನ್ಯದಿಂದ ಸ್ವೀಕರಿಸುತ್ತಾರೆ. ಆದರೆ ವಿಧೇಯಕ ಮತಕ್ಕೆ ಬಂದಾಗ ಫಲಿತಾಂಶ ಬೇರೆಯಾಗಿರುವುದುಂಟು. ಇದರ ಕಾರಣವನ್ನು ವರ್ತಕರು ಅರಿತಿರುವುದು ಅಗತ್ಯ.

ವಿಪ್‌ನ ಕಟ್ಟುಪಾಡು

1985ರ 52ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. ಅದರನ್ವಯ ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ನೀಡಿದ, ಇಲ್ಲವೇ ಮತದಾನದಿಂದ ದೂರ ಉಳಿದ ಸದಸ್ಯನನ್ನು ಪಕ್ಷವು 15 ದಿನಗಳೊಳಗೆ ಮನ್ನಿಸದಿದ್ದಲ್ಲಿ ಆತ ಅನರ್ಹತೆಗೆ ಗುರಿಯಾಗುತ್ತಾನೆ. ಆದ್ದರಿಂದ ವಿಪ್ ಜಾರಿಯಾದ ಬಳಿಕ ಒಬ್ಬ ಶಾಸಕನ ಮನವೊಲಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಮೇಲಾಗಿ ಬಹುತೇಕ ವಿಧೇಯಕಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಮತ ವಿಭಜನೆ ನಡೆಯದಿದ್ದರೆ ಯಾರು ಯಾವ ಕಡೆ ನಿಂತರೆಂಬ ದಾಖಲೆಯೇ ಉಳಿಯುವುದಿಲ್ಲ.

ಹಾಗೆಂದು ಮತದಾರನ ಒತ್ತಡ ಇಲ್ಲವೆಂದಲ್ಲ. ಅದು ಸದನದಲ್ಲಿ ಅಲ್ಲ, ಅದಕ್ಕೂ ಮೊದಲು, ಪಕ್ಷವು ತನ್ನ ನಿಲುವನ್ನು ನಿರ್ಧರಿಸುವಾಗ ಕೆಲಸ ಮಾಡುತ್ತದೆ.

ಮೂರು ನಿದರ್ಶನಗಳು

ಸೆಪ್ಟೆಂಬರ್ 2020ರಲ್ಲಿ ಸಂಸತ್ತು ಅಂಗೀಕರಿಸಿದ ಮೂರು ಕೃಷಿ ಕಾಯಿದೆಗಳನ್ನು 29 ನವೆಂಬರ್ 2021ರಂದು ಉಭಯ ಸದನಗಳೂ ಚರ್ಚೆಯಿಲ್ಲದೆ ರದ್ದುಪಡಿಸಿದವು. ಸದಸ್ಯರು ಅವರೇ, ಬದಲಾದದ್ದು ರೈತರ ದೀರ್ಘ ಹೋರಾಟ ಮತ್ತು ಸಮೀಪಿಸುತ್ತಿದ್ದ ಪಂಜಾಬ್, ಉತ್ತರ ಪ್ರದೇಶ ಚುನಾವಣೆಗಳ ಲೆಕ್ಕಾಚಾರ.

ರಾಜ್ಯದಲ್ಲಿ 2020ರ ಎಪಿಎಂಸಿ ತಿದ್ದುಪಡಿಯನ್ನು ಹಿಂಪಡೆಯುವುದಾಗಿ ಕಾಂಗ್ರೆಸ್ 2023ರ ಚುನಾವಣೆಯಲ್ಲಿ ಭರವಸೆ ನೀಡಿತ್ತು. ಅದೇ ಜುಲೈನಲ್ಲಿ ವಿಧಾನಸಭೆ ಅದಕ್ಕೆ ಸಂಬಂಧಿಸಿದ ವಿಧೇಯಕವನ್ನು ಅಂಗೀಕರಿಸಿತು. ಆದರೆ ಆಗ ಆಡಳಿತ ಪಕ್ಷಕ್ಕೆ ಬಹುಮತವಿಲ್ಲದಿದ್ದ ವಿಧಾನ ಪರಿಷತ್ತು ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಿತು. ಮಂಡಿ ವರ್ತಕರಿಗೆ ಕೆಳಮನೆಯಷ್ಟೇ ಮೇಲ್ಮನೆಯೂ ಮುಖ್ಯವೆಂಬುದು ಇದರಿಂದ ಸ್ಪಷ್ಟ.

ಮೂರನೆಯದು ಸ್ಥಳೀಯರಿಗೆ ಉದ್ಯೋಗ ಮೀಸಲಾತಿಯ ವಿಧೇಯಕ. ಆಡಳಿತಾತ್ಮಕ ಹುದ್ದೆಗಳಲ್ಲಿ ಶೇ. 50, ಇತರ ಹುದ್ದೆಗಳಲ್ಲಿ ಶೇ. 70 ಮೀಸಲಿಡುವ ಈ ವಿಧೇಯಕಕ್ಕೆ ರಾಜ್ಯ ಸಚಿವ ಸಂಪುಟ ಜುಲೈ 2024ರಲ್ಲಿ ಒಪ್ಪಿಗೆ ನೀಡಿತು. ಉದ್ಯಮ ವಲಯದ ತೀವ್ರ ಆಕ್ಷೇಪದ ಬಳಿಕ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಮತಗಳಿಕೆಯ ಆಕರ್ಷಣೆ ಎಷ್ಟೇ ಇದ್ದರೂ, ಸದನಕ್ಕೆ ಬರುವ ಮೊದಲೇ ಎತ್ತಿದ ಆಕ್ಷೇಪ ಫಲ ನೀಡಿತು.

ವರ್ತಕರು ಮಾಡಬೇಕಾದುದು

ಸಂಖ್ಯೆಯಲ್ಲಿ ವರ್ತಕರು ಅಲ್ಪರು; ಬೆಳಗಾವಿ, ಖಾನಾಪುರದ ಯಾವ ಕ್ಷೇತ್ರದಲ್ಲೂ ಅವರ ಮತಗಳಿಂದಲೇ ಗೆಲುವು ನಿರ್ಧಾರವಾಗದು. ಆದರೆ ಉದ್ಯಮಬಾಗದ ಒಂದು ಫೌಂಡ್ರಿಯನ್ನು ನೆಚ್ಚಿಕೊಂಡ ಕಾರ್ಮಿಕರು, ಹಮಾಲರು, ಸಾಗಣೆದಾರರು ಕೂಡ ಮತದಾರರೇ. ಆದ್ದರಿಂದ ಮನವಿಯಲ್ಲಿ ತೆರಿಗೆಯ ಹೊರೆಯನ್ನಷ್ಟೇ ಹೇಳದೆ, ಕ್ಷೇತ್ರದ ಎಷ್ಟು ಕುಟುಂಬಗಳ ಜೀವನಾಧಾರಕ್ಕೆ ಧಕ್ಕೆಯಾಗುವುದೆಂಬುದನ್ನು ಅಂಕಿಅಂಶಗಳೊಡನೆ ತೋರಿಸಬೇಕು. ಕರಡು ಹಂತದಲ್ಲಿ ಇಲಾಖೆಗೆ, ಪ್ರಣಾಳಿಕೆ ಸಿದ್ಧವಾಗುವಾಗ ಎಲ್ಲ ಪಕ್ಷಗಳಿಗೆ, ಸಮಿತಿಗೆ ಹೋದಾಗ ಅದರ ಸದಸ್ಯರಿಗೆ ಮನವಿ ತಲುಪಬೇಕು. ಅಧಿವೇಶನದ ಬಾಗಿಲಲ್ಲಿ ನೀಡುವ ಮನವಿ, ಲೆಕ್ಕಪತ್ರ ಮುಗಿದ ಮೇಲೆ ತಂದ ರಸೀದಿಯಂತೆ.