ಮಾರಿಗೆ ಬೆಲೆ ಉಂಟು, ಕಂಪಿಗೆ?

ಭರಮಣ್ಣ ನಾಯಕನ ಹೆಸರು ಹೊತ್ತ ಕೆರೆಯ ಊರು ಭರಮಸಾಗರ. ಈ ಭಾಗದಲ್ಲಿ ಬೆಳೆಯುವ ಹೂವಿಗೆ ಒಂದು ದಿಕ್ಕಿನಲ್ಲಿ ಚಿತ್ರದುರ್ಗದ ಪೇಟೆ, ಇನ್ನೊಂದು ದಿಕ್ಕಿನಲ್ಲಿ ದಾವಣಗೆರೆಯ ಪೇಟೆ. ಬಿಡಿ ಹೂವಾದರೆ ಕಿಲೋ ಲೆಕ್ಕ. ಕಟ್ಟಿದ್ದಾದರೆ ಮಾರಿನ ಲೆಕ್ಕ. ಬಣ್ಣ ಹೇಗಿದೆ, ಎಸಳು ಗಟ್ಟಿಯೇ, ನಾಳೆಯವರೆಗೆ ಬಾಡದೆ ನಿಲ್ಲುತ್ತದೆಯೇ ಎಂದು ನೋಡಿ ಬೆಲೆ ಕಟ್ಟುತ್ತಾರೆ. ಆದರೆ ಕಂಪನ್ನು ತೂಗುವ ತಕ್ಕಡಿಯಾಗಲಿ, ಅಳೆಯುವ ಮಾರಾಗಲಿ ಇಲ್ಲ.

ಅಳತೆಯಷ್ಟೇ ಅಲ್ಲ, ಮಾತಿಗೂ ಬರ. ಕೆಟ್ಟ ವಾಸನೆಗಳ ವಿಷಯದಲ್ಲಿ ಕನ್ನಡ ಬಡವಲ್ಲ. ಹಳೆಯ ಕೊಬ್ಬರಿ ಕಮಟು, ತೇವ ತಗುಲಿದ ಹಿಟ್ಟು ಮುಗ್ಗಲು, ಒಗ್ಗರಣೆಯ ಮೆಣಸಿನಕಾಯಿ ಘಾಟು. ಒಂದೊಂದಕ್ಕೂ ಬೇರೆ ಬೇರೆ ಪದ. ಒಳ್ಳೆಯದರಲ್ಲಿ ಅವರೆಕಾಯಿಗೆ ‘ಸೊಗಡು’ ಎಂಬ ಸ್ವಂತ ಮಾತೇ ಇದೆ. ಹೂವಿನ ಸರದಿ ಬಂದಾಗ ಮಾತ್ರ ಕಂಪು, ಪರಿಮಳ, ಸುವಾಸನೆ, ಸೌರಭ ಎನ್ನುತ್ತೇವೆ. ಈ ನಾಲ್ಕೂ ಹೇಳುವುದು ಒಂದೇ: ಚೆನ್ನಾಗಿದೆ. ಮಲ್ಲಿಗೆಗೂ ಸಂಪಿಗೆಗೂ ಏನು ವ್ಯತ್ಯಾಸ ಎಂದು ಕೇಳಿದರೆ ನಾಲಿಗೆ ತಡವರಿಸುತ್ತದೆ.

ಇದು ನಮ್ಮೊಬ್ಬರ ಕಷ್ಟವಲ್ಲ. ಪ್ರಪಂಚದ ಬಹುಪಾಲು ಭಾಷೆಗಳು ವಾಸನೆಯನ್ನು ಅದರ ಮೂಲವಸ್ತುವಿನ ಹೆಸರಿನಿಂದಲೇ ಕರೆಯುತ್ತವೆ. ಮಲಯ ಪರ್ಯಾಯದ್ವೀಪದ ಕಾಡಿನಲ್ಲಿರುವ ಜಹಾಯ್ ಜನರು ಇದಕ್ಕೆ ಅಪವಾದ. ವಾಸನೆಗಾಗಿಯೇ ಮೀಸಲಾದ ಹತ್ತಾರು ಪದಗಳು ಅವರಲ್ಲಿವೆ. ನಾವು ಬಣ್ಣಗಳನ್ನು ಹೆಸರಿಸುವಷ್ಟೇ ಸಲೀಸಾಗಿ ಅವರು ವಾಸನೆಗಳನ್ನು ಹೆಸರಿಸುತ್ತಾರೆಂಬುದನ್ನು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮೂಗಿನಲ್ಲಿ ದೋಷವಿಲ್ಲ ಎಂದಾಯಿತು. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳೇ ಸುಮಾರು 400 ಬಗೆಯವು. ಇಂಥ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಗುರುತಿಸಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಹಾಗಾದರೆ ಹೂವಿನ ಕಂಪನ್ನು ಹೋಲಿಸುವುದು ಹೇಗೆ? ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಅದು ಯಾವ ಹೊತ್ತಿನದು? ಎಷ್ಟು ದೂರ ಬರುತ್ತದೆ? ಯಾವುದನ್ನು ನೆನಪಿಸುತ್ತದೆ?

ದುಂಡುಮಲ್ಲಿಗೆಯ ಮೊಗ್ಗನ್ನು ಮುಂಜಾನೆ ಬಿಡಿಸುತ್ತಾರೆ. ಅದು ಬಿರಿಯುವುದು ಸಂಜೆಗೆ. ಗಿಡದಿಂದ ಬೇರೆಯಾದ ಮೇಲೂ ಅದು ಕಂಪನ್ನು ತಯಾರಿಸುತ್ತಲೇ ಇರುತ್ತದೆ. ಸುಗಂಧರಾಜವೂ ಹೀಗೆಯೇ. ಫ್ರಾನ್ಸಿನ ಗ್ರಾಸ್ ಪಟ್ಟಣದ ಅತ್ತರುಗಾರರು ಈ ಗುಣವನ್ನೇ ನಂಬಿ ಹೂಗಳನ್ನು ಕೊಬ್ಬಿನ ಲೇಪದ ಮೇಲೆ ಹರಡಿ ಕಂಪನ್ನು ಹೀರಿಸುತ್ತಿದ್ದರು. ಮಲ್ಲಿಗೆಯ ಸಿಹಿಯ ಹಿಂದೆ ಇಂಡೋಲ್ ಎಂಬ ವಸ್ತುವಿದೆ. ಹೆಚ್ಚಾದರೆ ಅದು ಮಲದ ನಾತ. ಲೇಶಮಾತ್ರ ಇದ್ದರೆ ಮಲ್ಲಿಗೆಗೆ ಮತ್ತು ತರುವ ಗಾಢತೆ. ಸುಗಂಧರಾಜ ಇನ್ನೂ ಮಂದ, ಜಿಡ್ಡುಜಿಡ್ಡು. ಸ್ವಲ್ಪ ಗಮನವಿಟ್ಟರೆ ಅದರಲ್ಲಿ ನೋವಿನ ಮುಲಾಮಿನ ಎಳೆಯೊಂದು ಸಿಗುತ್ತದೆ. ಮುಲಾಮಿನ ಮೀಥೈಲ್ ಸ್ಯಾಲಿಸಿಲೇಟ್ ಈ ಹೂವಿನಲ್ಲೂ ಇದೆ. ಸಂಪಿಗೆಯದು ಹಣ್ಣಾದ ಕಂಪು, ಅಂಗಳ ದಾಟಿ ಬರುವಂಥದು. ಸೇವಂತಿಗೆಯದು ಹಗಲಿನ ಕಂಪು. ಹತ್ತಿರ ಹಿಡಿದರಷ್ಟೇ ತಿಳಿಯುವ, ಹಸಿರೆಲೆಯ ಕಹಿ ಬೆರೆತ ತಂಪು. ಕನಕಾಂಬರಕ್ಕೆ ಬಣ್ಣವಿದೆ, ವಾಸನೆಯಿಲ್ಲ. ಆ ಕೊರತೆ ತುಂಬಲೆಂದೇ ನಮ್ಮ ಹೆಂಗಸರು ನಡುನಡುವೆ ಮರುಗ, ದವನ ಸೇರಿಸಿ ಕಟ್ಟುತ್ತಾರೆ.

ಇನ್ನು ಆರ್ಕಿಡ್. ಸುಮಾರು 28 ಸಾವಿರ ಪ್ರಭೇದಗಳ ಈ ಕುಟುಂಬಕ್ಕೆ ಇಂಥದೇ ಕಂಪು ಎಂದು ಹೇಳಲಾಗದು. ಮಲೆನಾಡಿನ ಮರಗಳ ಮೇಲೆ ಜಡೆಯಂತೆ ಇಳಿಬೀಳುವ ಸೀತಾಳೆ ದಂಡೆಯದು ನವಿರಾದ ಸಿಹಿ. ಬಲ್ಬೋಫಿಲ್ಲಂ ಗುಂಪಿನ ಕೆಲವು ಹೂಗಳದು ಕೊಳೆತ ಮಾಂಸದ ನಾತ. ನಾವೆಲ್ಲ ಐಸ್‌ಕ್ರೀಮಿನಲ್ಲಿ ತಿಂದಿರುವ ವೆನಿಲ್ಲಾ ಕೂಡ ಆರ್ಕಿಡ್ಡೇ. 2003ರ ಸುಮಾರಿಗೆ ಅದರ ಬೆಲೆ ಗಗನಕ್ಕೇರಿ ನಂತರ ನೆಲಕಚ್ಚಿದ್ದನ್ನು ಮಲೆನಾಡಿನ ಬೆಳೆಗಾರರು ಮರೆತಿಲ್ಲ. ಆದರೆ ಆ ಪರಿಮಳ ಹೂವಿನದಲ್ಲ. ಹಸಿರು ಕೋಡನ್ನು ತಿಂಗಳುಗಟ್ಟಲೆ ಹದಮಾಡಿದ ಮೇಲೆ ಹುಟ್ಟುವಂಥದು.

ಈ ವೈವಿಧ್ಯಕ್ಕೆ ಕಾರಣ ಗಿರಾಕಿಗಳು. ಹೂವಿನ ಕಂಪು ನಮಗಾಗಿ ಅಲ್ಲ, ಪರಾಗ ಒಯ್ಯುವ ಕೀಟಕ್ಕಾಗಿ. ಕೊಳೆತ ನಾತ ನೊಣಕ್ಕೆ ಕರೆ. ಮಡಗಾಸ್ಕರಿನ ಬಿಳಿ ಆರ್ಕಿಡ್ ಒಂದರಲ್ಲಿ ಮಕರಂದ ಒಂದಡಿ ಉದ್ದದ ಕೊಳವೆಯ ತಳದಲ್ಲಿರುವುದನ್ನು ಕಂಡ ಡಾರ್ವಿನ್, ಅಷ್ಟೇ ಉದ್ದದ ಸೊಂಡಿಲಿನ ಪತಂಗ ಇರಲೇಬೇಕೆಂದು 1862ರಲ್ಲಿ ಬರೆದ. ಆ ಪತಂಗವನ್ನು ವಿಜ್ಞಾನಿಗಳು ಹೆಸರಿಸಿದ್ದು 1903ರಲ್ಲಿ. ಈ ಆರ್ಕಿಡ್ ಘಮಘಮಿಸುವುದು ರಾತ್ರಿ. ನಮ್ಮ ಮಲ್ಲಿಗೆಗೂ ಸುಗಂಧರಾಜಕ್ಕೂ ಅದಕ್ಕೂ ಹತ್ತಿರದ ನೆಂಟಸ್ತಿಕೆಯಿಲ್ಲ. ಆದರೂ ಮೂರೂ ಬಿಳಿ, ಮೂರರದೂ ಕತ್ತಲಲ್ಲಿ ದೂರ ಹೋಗುವ ಗಾಢ ಕಂಪು. ಕಾಣದ ಹೊತ್ತಿನಲ್ಲಿ ಹಾರುವವರನ್ನು ಕರೆಯಬೇಕಾದರೆ ಬಣ್ಣ ಸಾಲದು, ಕಂಪೇ ಕೂಗಬೇಕು.

ಈಗ ಹೂವಿಗೆ ಇನ್ನೊಬ್ಬ ಗಿರಾಕಿ ಬಂದಿದ್ದಾನೆ: ಮಾರುಕಟ್ಟೆ. ಅವನಿಗೆ ಕಣ್ಣುಂಟು, ಮೂಗಿಲ್ಲ. ಮದುವೆ ಮಂಟಪಕ್ಕೆ ಬರುವ ನೇರಳೆ ಡೆಂಡ್ರೋಬಿಯಂ ಆರ್ಕಿಡ್ ದಿನಗಟ್ಟಲೆ ಬಾಡುವುದಿಲ್ಲ; ಮೂಸಿದರೆ ಏನೂ ಇಲ್ಲ. ಹೂಗುಚ್ಛದ ಗುಲಾಬಿಯ ಕತೆಯೂ ಅದೇ. ಗುಲಾಬಿಯ ಕಂಪಿಗೆ ಬೇಕಾದ ಕಿಣ್ವವೊಂದನ್ನು ಫ್ರಾನ್ಸಿನ ವಿಜ್ಞಾನಿಗಳು 2015ರಲ್ಲಿ ಗುರುತಿಸಿದರು. ಕಂಪಿಲ್ಲದ ತಳಿಗಳಲ್ಲಿ ಅದರ ವಂಶವಾಹಿ ಹೆಚ್ಚುಕಡಿಮೆ ನಿದ್ದೆ ಹೋಗಿತ್ತು. ತಳಿಗಾರರು ಕಂಪನ್ನು ಬೇಕೆಂದು ಕೊಂದವರಲ್ಲ. ಬಣ್ಣ, ಕಾಂಡ, ಬಾಳಿಕೆಗಳನ್ನಷ್ಟೇ ನೋಡಿ ಆರಿಸುತ್ತ ಹೋದರು, ಕಂಪನ್ನು ಕೇಳುವವರಿರಲಿಲ್ಲ.

ಕೇಳಿದರೆ ಉಳಿಯುತ್ತದೆ ಎಂಬುದಕ್ಕೂ ಸಾಕ್ಷಿ ನಮ್ಮಲ್ಲಿದೆ. ಹಡಗಲಿ, ಮೈಸೂರು, ಉಡುಪಿಯ ಮಲ್ಲಿಗೆಗಳು ಊರಿನ ಹೆಸರಿನಿಂದಲೇ ಗುರುತಿಸಿಕೊಂಡು ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿವೆ. ಆ ಹೆಸರಿಗೆ ಕಂಪೇ ಆಧಾರ. ನಮ್ಮ ಸಂತೆಯಲ್ಲಿ ಹೂ ಕೊಳ್ಳುವಾಗ ಮಾರು ಎಷ್ಟು ಎಂದು ಕೇಳುವುದರ ಜೊತೆಗೆ ಒಮ್ಮೆ ಮೂಸಿಯೂ ನೋಡಬಹುದು. ಎರಡು ಹೂಗಳ ನಡುವೆ ತುಸು ಬಿಡುವಿರಲಿ, ಏಕೆಂದರೆ ಮೂಗು ನಿಮಿಷಗಳಲ್ಲೇ ದಣಿಯುತ್ತದೆ. ಮಲ್ಲಿಗೆಯನ್ನಂತೂ ಬೆಳಿಗ್ಗೆ ಮೂಸಿ ತೀರ್ಪು ಕೊಡಬೇಡಿ. ಅದರ ಹೊತ್ತು ದೀಪ ಹಚ್ಚಿದ ಮೇಲೆ.